ಸುಬ್ಬಣ್ಣ ಮೇಸ್ತ್ರಿ ಸಮುದ್ರ ನೋಡಿ ಬಂದದ್ದು

ಸುಬ್ಬಣ್ಣ ಮೇಸ್ತ್ರಿಯ ಮಟ್ಟಿಗೆ ಘಟ್ಟದ ಕೆಳಗಿನವರೆಲ್ಲ ದಡ್ಡರು. ಆಲ್ದೂರಿನ ಸುತ್ತಮುತ್ತಲವರೂ ಅಂಥ ಜಾಣರೇನಲ್ಲ. ಇಪ್ಪತ್ತು ವರ್ಷದಿಂದ ಅವನು ಆಕಾಶ ನೋಡಿ ಹೇಳಿದ ಮೇಲೆಯೇ ಎಸ್ಟೇಟಿನ ಆಳುಗಳು ಕಣದಲ್ಲಿ ಕಾಫಿ ಹರವುತ್ತಿದ್ದರು, ಮಳೆ ಬರುತ್ತದೆ ಎಂದರೆ ಬಾಚುತ್ತಿದ್ದರು. ಆ ಒಂದು ಮರ್ಯಾದೆಯೇ ಅವನ ಆಸ್ತಿ. ಅದು ಬಿಟ್ಟರೆ ಅವನಲ್ಲಿದ್ದದ್ದು ಒಂದು ಸೀಟಿ, ಮತ್ತೆ ಬಾಯಿ.

ತೊಂಬತ್ತೇಳರ ಫೆಬ್ರವರಿಯಲ್ಲಿ ಕೊಯ್ಲು ಮುಗಿದ ಖುಷಿಗೆ ಧಣಿಗಳು ಆಳುಗಳನ್ನೆಲ್ಲ ಬಸ್ಸು ಹತ್ತಿಸಿ ಕರಾವಳಿಯ ಒಂದು ಅಳಿವೆಗೆ ಕಳಿಸಿದರು. ಹೊಳೆ ಸಮುದ್ರ ಸೇರುವಲ್ಲಿ ಒಂದು ದ್ವೀಪ, ಅದರಲ್ಲೊಂದು ಮೀನಿನ ಅಕ್ವೇರಿಯಂ. ಸುಬ್ಬಣ್ಣ ಇಳಿದವನೇ ಸಮುದ್ರ ನೋಡಿ ಮೂಗು ಮುರಿದ.

"ಇದಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ಕುಡಿಯೋಕಾಗಲ್ಲ, ತೋಟಕ್ಕೆ ಹಾಯ್ಸೋಕಾಗಲ್ಲ."

ಕಡುಬಿನ ಕುಕ್ಕೆ, ಕೋಳಿಸಾರಿನ ಪಾತ್ರೆ, ಮಜ್ಜಿಗೆ ಕೊಡಪಾನಗಳನ್ನು ತೋಟದ ಹಳ್ಳದಲ್ಲಿ ಇಡುವ ಹಾಗೆ ನೀರಂಚಿನ ತಣ್ಣನೆಯ ಮರಳಲ್ಲಿ ಇಡಿಸಿದ.

"ನೀರು ಏರ್ತದೆ ಮಾರಾಯ್ರೆ, ಮೇಲೆ ಇಡಿ," ಎಂದ ದ್ವೀಪಕ್ಕೆ ದಾಟಿಸುವ ದೋಣಿಯವನು.

ಸುಬ್ಬಣ್ಣ ತಲೆಯೆತ್ತಿದ. ಆಕಾಶದಲ್ಲಿ ತುಂಡು ಮೋಡವಿಲ್ಲ. "ಮಳೆ ಇಲ್ದೆ ನೀರು ಏರುತ್ತಂತೆ! ಯಾರಿಗೆ ಹೇಳ್ತೀಯ?"

"ಅವ್ರೂರ ನೀರು, ಅವ್ರಿಗೆ ಗೊತ್ತಿರಲ್ವಾ?" ಎಂದಳು ಕಾಫಿ ಹಣ್ಣು ಕೊಯ್ಯುವ ದೇವೀರಮ್ಮ. ಅವಳನ್ನು ಗದರಿಸಿ, ಪಾತ್ರೆ ಕಾಯಲು ಒಬ್ಬರನ್ನೂ ಬಿಡದೆ, ಸೀಟಿ ಊದಿ ಎಲ್ಲರನ್ನೂ ದೋಣಿಗೆ ತುಂಬಿದ.

ಅಕ್ವೇರಿಯಂನಲ್ಲಿ ಹೆಂಗಸರು ಗಾಜಿಗೆ ಮುಖ ಒತ್ತಿ ಬೆರಗಾಗಿ ನಿಂತರೆ, ಇವನು ಹುರಿಯಲೂ ಬಾರದ ಮೀನೆಂದು ಭಾಷಣ ಬಿಗಿದ. ಒಂದು ಮೀನೂ ತಿರುಗಿ ನೋಡಲಿಲ್ಲ.

ಎರಡು ಗಂಟೆಗೆ ಹಸಿದುಕೊಂಡು ವಾಪಸು ಬಂದರೆ ಉಬ್ಬರ ಏರಿ ಪಾತ್ರೆ ಇಟ್ಟ ಜಾಗದಲ್ಲಿ ಎದೆಮಟ್ಟ ನೀರು. ಕಡುಬುಗಳು ಅಲ್ಲಲ್ಲಿ ತೇಲುತ್ತಿದ್ದವು. ಕೋಳಿಸಾರು ಸಮುದ್ರದ ಪಾಲಾಗಿತ್ತು.

"ಮೇಲೆಲ್ಲೋ ಮಳೆ ಆಗಿರ್ಬೇಕು," ಎಂದ ಸುಬ್ಬಣ್ಣ. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಬೈಯಬಹುದಿತ್ತು. ನಲವತ್ತು ಜನ ಬನ್ನು, ಬಾಳೆಹಣ್ಣು ತಿಂದು ಘಟ್ಟ ಹತ್ತಿದರು.

ಮರುದಿನ ಮಧ್ಯಾಹ್ನ ಗಿರಿಯ ಕಡೆ ಮೋಡ ಕಟ್ಟಿತು. ಕಣದಲ್ಲಿ ಕೊನೆಯ ಕಾಫಿ ಒಣಗುತ್ತಿತ್ತು. ಸುಬ್ಬಣ್ಣ ಹಣೆಗೆ ಕೈಯಿಟ್ಟು ನೋಡಿ, "ಬೀಳಲ್ಲ, ಬಿಡಿ," ಎಂದ. ದೇವೀರಮ್ಮ ಆಗಲೇ ಕಾಫಿ ಬಾಚತೊಡಗಿದ್ದಳು. ಉಳಿದವರೂ ಸೇರಿಕೊಂಡರು.

"ಬೀಳಲ್ಲ ಅಂದೆನಲ್ಲ ನಾನು!"

"ಹೌದು ಮೇಸ್ತ್ರಿಗಳೇ," ಎಂದು ಅವಳು ಟಾರ್ಪಾಲು ಎಳೆದಳು.

ಮಳೆ ಬೀಳಲಿಲ್ಲ. ಸುಬ್ಬಣ್ಣ ಸಂಜೆಯವರೆಗೆ ಕಣದ ಅಂಚಿನಲ್ಲಿ ನಿಂತೇ ಇದ್ದ. ಅವನು ಹೇಳಿದಂತೆಯೇ ಆಯಿತೆಂದು ಒಬ್ಬರೂ ಹೇಳಲಿಲ್ಲ.