ಹಕೀಮರು ಕಟ್ಟಿಕೊಟ್ಟ ಎರಡು ಪುಡಿ

ಬರ್ಮಾ ಯುದ್ಧದಲ್ಲಿ ಅಪ್ಪನ ಎಡಗಾಲಿಗೆ ಗುಂಡು ತಗುಲಿತ್ತು. ಗಾಯ ಮಾಯಿತು, ನೋವು ಮಾಯಲಿಲ್ಲ. ನರದೊಳಗೆ ಕೆಂಡ ಹರಿದಂತಾಗುತ್ತದೆ ಎನ್ನುತ್ತಿದ್ದರು. ಪಂಚೆಯ ಅಂಚು ಪಾದಕ್ಕೆ ತಾಗಿದರೂ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ನುಂಗಿದ ಮಾತ್ರೆಗಳಿಂದ ಹೊಟ್ಟೆ ಕೆಟ್ಟಿತೇ ಹೊರತು ಕಾಲು ಸುಧಾರಿಸಲಿಲ್ಲ.

ಐವತ್ತರ ದಶಕದ ಕೊನೆ. ನಾನಾಗ ಯಲಹಂಕದ ಶಾಲೆಯಲ್ಲಿ ಹೊಸದಾಗಿ ಟೀಚರಾಗಿದ್ದೆ. ಪೇಟೆ ಬೀದಿಯ ಯುನಾನಿ ಹಕೀಮರು ಮನೆಗೆ ಬಂದು ಅಪ್ಪನ ಕಾಲು ನೋಡಿದರು. ಭಂಗಿ ಸೊಪ್ಪು ಸೇರಿಸಿದ ಪುಡಿ ಕೊಡುತ್ತೇನೆ ಎಂದರು. ಅಮ್ಮ ಸಿಡಿದಳು.

"ಏನ್ ಸಾಹೇಬ್ರೇ, ನಮ್ಮನೆಯೋರ್ನ ಬೈರಾಗಿ ಮಾಡ್ಬೇಕು ಅಂತಿದೀರಾ?"

"ನಶೆಗಲ್ಲಮ್ಮ, ನರಕ್ಕೆ," ಎಂದರು ಹಕೀಮರು. "ನನ್ ಮಾತು ನಂಬ್ಬೇಡಿ. ಪರೀಕ್ಷೆ ಮಾಡಿ ನೋಡೋಣ."

ಕೆಂಪು ದಾರದ ಪೊಟ್ಟಣ, ಬಿಳಿ ದಾರದ ಪೊಟ್ಟಣ ಎಂದು ಎರಡು ಬಗೆ ಕಟ್ಟಿಕೊಟ್ಟರು. ಒಂದರಲ್ಲಿ ಮಾತ್ರ ಭಂಗಿ. ಯಾವುದರಲ್ಲಿ ಎಂದು ಹೇಳಲಿಲ್ಲ. ವಾರಕ್ಕೊಂದು ಬಗೆ ತೆಗೆದುಕೊಳ್ಳಬೇಕು. ಅಪ್ಪ ಎಷ್ಟು ದೂರ ನಡೆದರು, ಕಾಲು ಬಟ್ಟೆ ತಾಳಿತೇ ಎಂದು ಬರೆದಿಡುವ ಕೆಲಸ ನನ್ನದು.

ಮೊದಲ ವಾರ ಬಿಳಿ ದಾರದ್ದು. ಅಪ್ಪ ಕೆರೆ ಏರಿಯವರೆಗೂ ನಡೆದು ಬಂದು, "ಇದೇ ಕಣಮ್ಮ ಔಷಧಿ!" ಎಂದರು. ಮರುವಾರ ಕೆಂಪು ದಾರದ್ದು ತೆಗೆದುಕೊಂಡಾಗ ತಲೆ ಸುತ್ತಿತು, ಬಾಯಿ ಒಣಗಿತು, ಊಟಕ್ಕೆ ಕೂತ ಅಪ್ಪ ಹುಳಿ ನೋಡಿ ಸುಮ್ಮಸುಮ್ಮನೆ ನಕ್ಕರು. ಭಂಗಿ ಯಾವುದರಲ್ಲಿತ್ತೆಂದು ಎಲ್ಲರಿಗೂ ತಿಳಿದುಹೋಯಿತು.

"ನೋಡಿದ್ರಾ? ಗುಣ ಆಗಿದ್ದು ಭಂಗಿ ಇಲ್ದಿರೋ ಬರೀ ಪುಡಿಯಿಂದ," ಎಂದಳು ಅಮ್ಮ.

ಹಕೀಮರು ಬೇಸರಪಡಲಿಲ್ಲ. "ಹೊಸದಂದ್ರೆ ಮನಸು ಮೊದ್ಲು ಕುಣೀತದೆ. ತಪ್ಪು ನಂದೂ ಇದೆ, ಭಂಗಿ ಜಾಸ್ತಿ ಆಯ್ತು."

ಭಂಗಿಯನ್ನು ಅರ್ಧಕ್ಕಿಳಿಸಿ, ನಮಗೆ ಗುರುತು ಸಿಗದಂತೆ ದಾರ ಬದಲಿಸಿ, ಎರಡು ತಿಂಗಳು ಮುಂದುವರಿಸಿದರು. ಕೊನೆಗೆ ನನ್ನ ನೋಟ್‌ಬುಕ್ ತೆರೆದು ಗುಟ್ಟು ಬಿಟ್ಟುಕೊಟ್ಟರು. ಬರೀ ಪುಡಿಯ ವಾರಗಳಲ್ಲಿ ಆ ಮೊದಲಿನ ಹುರುಪು ಮತ್ತೆ ಬಂದಿರಲಿಲ್ಲ. ಭಂಗಿ ಇದ್ದ ವಾರಗಳಲ್ಲಿ ಅಪ್ಪ ಚೆನ್ನಾಗಿ ನಿದ್ದೆ ಮಾಡಿದ್ದರು, ಹೆಚ್ಚು ನಡೆದಿದ್ದರು.

"ನೋವು ಪೂರಾ ಹೋಗಲ್ಲ," ಎಂದರು ಹಕೀಮರು.

"ಇಷ್ಟು ಇಳಿದ್ರೆ ಸಾಕು ಸಾಹೇಬ್ರೇ, ಬದುಕ್ಕೋತೀನಿ," ಎಂದರು ಅಪ್ಪ. ಅಮ್ಮ ಕ್ಷಮೆ ಕೇಳಿದಳು. ಹಕೀಮರು ನಕ್ಕರು.

"ನೀವು ಅನುಮಾನ ಪಟ್ಟಿದ್ದಕ್ಕೇ ಅಲ್ವಾಮ್ಮ, ಇಷ್ಟು ಸರಿಯಾಗಿ ನೋಡಿದ್ದು?"

ಗುಣ ಮಾಡುತ್ತೇನೆ ಎಂದು ಆಣೆ ಇಟ್ಟವರು ನಮಗೆ ಬಹಳ ಮಂದಿ ಸಿಕ್ಕಿದ್ದರು. ಗೊತ್ತಿಲ್ಲ, ನೋಡೋಣ ಎಂದವರು ಅವರೊಬ್ಬರೇ. ಅವರನ್ನು ನೆನೆದಾಗ ಇಂದಿಗೂ ಕೈ ತಾನಾಗಿ ಮುಗಿಯುತ್ತದೆ. ಮರುವರ್ಷ ನನ್ನ ಮದುವೆಯಲ್ಲಿ ಅಪ್ಪ ಧಾರೆ ಮುಗಿಯುವವರೆಗೂ ನಿಂತೇ ಇದ್ದರು. ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದ ಹಕೀಮರು ಮದುಮಕ್ಕಳನ್ನು ಬಿಟ್ಟು ಅಪ್ಪನ ಕಾಲನ್ನೇ ನೋಡುತ್ತಿದ್ದರು.