ಕಣ್ಣಿನ ಎತ್ತರ

ತಂಗಿ ತಂದುಕೊಟ್ಟ ಬಿಸ್ಕತ್ತಿನ ಡಬ್ಬಿ ತೆರೆದಾಗ ಮೊದಲು ಬಂದದ್ದು ತುಕ್ಕಿನ ವಾಸನೆ. ಒಳಗೆ ಮರದ ಕೋನಮಾಪಕ, ಅದರ ನಡುವಿನ ತೂತಿಗೆ ಕಟ್ಟಿದ ನೂಲು, ನೂಲಿನ ತುದಿಗೆ ಸೈಕಲ್ಲಿನ ನಟ್ಟು. ಅಕ್ಕೋರು ತೀರಿಕೊಂಡ ಮೇಲೆ ಅವರ ಮನೆ ಖಾಲಿ ಮಾಡುವಾಗ ಸಿಕ್ಕಿತಂತೆ.

ಯಲ್ಲಾಪುರದ ನಮ್ಮ ಈ ಮನೆಯ ಪಕ್ಕದ್ದೇ ಅಕ್ಕೋರ ಮನೆ. ಹತ್ತನೇ ತರಗತಿಗೆ ಗಣಿತ ಕಲಿಸುವ ಟೀಚರು, ಅದಕ್ಕೇ ಊರಿಗೆಲ್ಲ ಅಕ್ಕೋರು. ಗಿಡ್ಡ ಆಳು. ಬೋರ್ಡಿನ ಮೇಲ್ತುದಿ ಎಟುಕದೆ ಲಂಬಕೋನ ತ್ರಿಭುಜಗಳೆಲ್ಲ ಕೆಳಗೇ ಕೂತಿರುತ್ತಿದ್ದವು...

ಆ ವರ್ಷ ರಸ್ತೆ ಬದಿಯ ಮತ್ತಿ ಮರ ಒಣಗಿ ಟೊಳ್ಳಾಗಿತ್ತು. ಹತ್ತಿ ಕೊಂಬೆ ಇಳಿಸಲು ಯಾರೂ ಒಪ್ಪಲಿಲ್ಲ. ಒಂದು ಕಡೆ ಕರೆಂಟಿನ ತಂತಿ, ಇನ್ನೊಂದು ಕಡೆ ಲಾರಿಗಳ ಓಡಾಟ. ಕೆಡವಿದರೆ ನಮ್ಮ ಅಂಗಳದ ಕಡೆಗೇ ಕೆಡವಬೇಕು. ಆ ಕಡೆಯ ಕೋಣೆಯಲ್ಲಿ ಅಮ್ಮ ಜ್ವರದಲ್ಲಿ ಮಲಗಿದ್ದಳು. ಪಕ್ಕದಲ್ಲಿ ಆಗಷ್ಟೇ ಹುಟ್ಟಿದ ಕೂಸು, ಇದೇ ತಂಗಿ.

"ಬಾಣಂತಿನ ಗಾಳಿಗೆ ಹೊರಗೆ ತರೂದಿಲ್ಲ," ಎಂದು ಅಜ್ಜಿ ಬಾಗಿಲಲ್ಲಿ ಕೂತುಬಿಟ್ಟಳು. "ಅಕ್ಕೋರು ಅಳೆದು ಹೇಳ್ಲಿ. ಮರ ಮುಟ್ತದೆ ಅಂದ್ರೆ ಮಾತ್ರ ಏಳಿಸ್ತೆ."

ಅಕ್ಕೋರು ಕೋನಮಾಪಕದ ನೇರ ಅಂಚನ್ನು ಕಣ್ಣಿಗೆ ಹಿಡಿದು, ಮರದ ತುದಿ ನೋಡುತ್ತ ಹಿಂದೆ ಹಿಂದೆ ನಡೆದರು. ನೂಲು ಎಲ್ಲಿ ನಿಂತಿದೆ ಎಂದು ಓದುವುದು ನನ್ನ ಕೆಲಸ. ಮರದ ತುದಿ ನೋಡುವವರಿಗೆ ಅದು ಕಾಣುವುದಿಲ್ಲ. ನಲವತ್ತೈದಕ್ಕೆ ಬಂದಾಗ ಕೂಗಿದೆ. ಅವರು ನಿಂತರು. ಬೆನ್ನ ಹಿಂದೆ ಮೂರೇ ಅಡಿಗೆ ಅಮ್ಮನ ಕೋಣೆಯ ಗೋಡೆ.

"ನಲವತ್ತೈದಕ್ಕೆ ಟ್ಯಾನ್ ಒಂದು. ಬುಡದಿಂದ ಇಲ್ಲಿಗೆ ಎಷ್ಟೋ, ಮರ ಅಷ್ಟೇ ಎತ್ತರ. ತುದಿ ನನ್ನ ಕಾಲ ಹತ್ರ ಬೀಳ್ತದೆ. ಗೋಡೆ ಮುಟ್ಟೂದಿಲ್ಲ."

ಬುಡಕ್ಕೆ ಕೊಡಲಿ ಬೀಳತೊಡಗಿತು. ಅಕ್ಕೋರು ಮಾತ್ರ ಮರ, ಗೋಡೆ ಎರಡನ್ನೂ ಮತ್ತೆ ಮತ್ತೆ ನೋಡುತ್ತಿದ್ದರು. ಕಡಿಯುವವ ನಕ್ಕ.

"ಅಕ್ಕೋರೆ, ಹೆದರ್ಬೇಡಿ. ನೀವು ಇಷ್ಟು ಗಿಡ್ಡ, ನಿಮ್ಮ ಕಣ್ಣಿಗೆ ಎಲ್ಲಾ ಮರನೂ ಉದ್ದನೇ ಕಾಣ್ತದೆ!"

ಅಕ್ಕೋರೂ ನಕ್ಕರು. ನಗು ಅರ್ಧಕ್ಕೇ ನಿಂತಿತು. ಕೈ ಕಣ್ಣಿಗೆ ಹೋಯಿತು, ನೋಟ ನೆಲಕ್ಕಿಳಿಯಿತು.

"ನಿಲ್ಸೋ! ನಾ ಅಳೆದದ್ದು ಕಣ್ಣಿಂದ, ನೆಲದಿಂದ ಅಲ್ಲ. ನನ್ನ ಎತ್ತರ ಸೇರಿಸ್ಲೇ ಇಲ್ಲ!"

ಎಷ್ಟೇ ಗಿಡ್ಡವರಾದರೂ ನೆಲದಿಂದ ಅವರ ಕಣ್ಣಿಗೆ ನಾಲ್ಕೂವರೆ ಅಡಿ. ಗೋಡೆಗಿದ್ದದ್ದು ಮೂರು. ಕೊಡಲಿ ನಿಂತಿತು, ಟೊಳ್ಳು ಮರ ನಿಲ್ಲಲಿಲ್ಲ. ಬುಡ ಕಿರುಗುಟ್ಟಿತು. ಅಕ್ಕೋರು ಒಳಗೆ ನುಗ್ಗಿ ಕೂಸನ್ನು ಸೆರಗಿನಲ್ಲಿ ಬಾಚಿಕೊಂಡರು. ಅಜ್ಜಿಯೂ ನಾನೂ ಅಮ್ಮನನ್ನು ಎಳೆದುಕೊಂಡು ಹಿತ್ತಿಲಿಗೆ ಬರುವಷ್ಟರಲ್ಲಿ ಮಾಡು ಒಡೆದ ಸದ್ದು. ಆಮೇಲೆ ನೋಡಿದರೆ ಅಮ್ಮನ ಮಂಚದ ತುಂಬ ಹೆಂಚಿನ ಚೂರು.

ಅಕ್ಕೋರು ಬಹಳ ಹೊತ್ತು ಕೂಸನ್ನು ಕೆಳಗಿಳಿಸಲಿಲ್ಲ. "ಮುಟ್ಟೂದಿಲ್ಲ ಅಂದಿದ್ದೆ... ನಾನೇ ಅಂದಿದ್ದೆ..." ಎನ್ನುತ್ತಲೇ ಇದ್ದರು. ಅಂದಿನಿಂದ ತರಗತಿಯಲ್ಲಿ ಎತ್ತರದ ಲೆಕ್ಕ ಬಂದಾಗಲೆಲ್ಲ, ತ್ರಿಭುಜಕ್ಕಿಂತ ಮೊದಲು ನಿಂತ ಮನುಷ್ಯನ ಚಿತ್ರ ಬರೆಯುತ್ತಿದ್ದರು.

ತಂಗಿ ಹೊರಟುಹೋದ ಮೇಲೆ ಕೋನಮಾಪಕ ಹಿಡಿದು ಅಂಗಳಕ್ಕಿಳಿದೆ. ಅಕ್ಕೋರ ಹಿತ್ತಿಲಿನ ತೆಂಗಿನ ತುದಿಯನ್ನು ನೋಡುತ್ತ ಹಿಂದೆ ಹಿಂದೆ ನಡೆದೆ. ನಟ್ಟು ತೂಗಾಡಿ ನನ್ನ ಕೆನ್ನೆಯ ಹತ್ತಿರ ನಿಂತಿತು. ನೂಲು ಎಲ್ಲಿಗೆ ಬಂದಿದೆ ಎಂದು ಹೇಳುವವರು ಇರಲಿಲ್ಲ. ಕೈ ಸೋಲುವವರೆಗೂ ಹಾಗೇ ನಿಂತಿದ್ದೆ...