ಮರಿಯ ಪಾಲು

ಹಿರೀಸಾವೆಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಣ್ಣಮ್ಮನ ಮನೆ. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಇದ್ದದ್ದು ಕೆಂಪಿ ಎಂಬ ಹಾಲಿನ ಮೇಕೆ. ಮೇಕೆ ಹಾಲಿನ ಟೀಗೆ ಸಮನಿಲ್ಲ ಎಂದು ಆಕೆ ನಂಬಿದ್ದಳು, ಬೀದಿಯವರು ನಂಬಿರಲಿಲ್ಲ. "ಬಾರವ್ವ, ಟೀ ಕಾಯಿಸ್ತೀನಿ" ಎಂದರೆ ಸಾಕು, ಒಲೆಯ ಮೇಲಿಟ್ಟು ಬಂದ ಸಾರು ಎಲ್ಲರಿಗೂ ತಟ್ಟನೆ ನೆನಪಾಗುತ್ತಿತ್ತು. ಹೀಗಾಗಿ ಅಣ್ಣಮ್ಮ ಟೀ ಕುಡಿಯುವುದೂ ಮಾತಾಡುವುದೂ ಕೆಂಪಿಯ ಪಕ್ಕದಲ್ಲೇ. ಕೆಂಪಿ ಎದ್ದು ಹೋಗುತ್ತಿರಲಿಲ್ಲ; ಹಗ್ಗವಿತ್ತಲ್ಲ.

ಹಾಲು ಕರೆಯುವುದರಲ್ಲಿ ಆಕೆಯದು ಅತ್ತೆ ಕಲಿಸಿದ ಪದ್ಧತಿ. ಬಲಮೊಲೆ ಮನೆಗೆ, ಎಡಮೊಲೆ ಮರಿಗೆ. ಮರಿಯ ಪಾಲಿಗೆ ಕೈ ಹಾಕಬಾರದು.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಮೇಕೆ ವ್ಯಾಪಾರಿ ಹುಲಿಯಪ್ಪ ಕೆಂಪಿಯ ಗಂಡುಮರಿಯನ್ನು ಕೊಂಡ.

"ಕುಯ್ಯೋರಿಗಾ?" ಎಂದಳು ಅಣ್ಣಮ್ಮ.

"ಛೆ, ಸಾಕೋರಿಗೆ ಕಣಕ್ಕ. ಅರಕಲಗೂಡಲ್ಲಿ ಒಳ್ಳೆ ಮನೆ."

ಹುಲಿಯಪ್ಪ ಕೊಂಡ ಮರಿಗಳೆಲ್ಲ ಅರಕಲಗೂಡಿನ ಒಳ್ಳೆಯ ಮನೆ ಸೇರಿದ್ದರೆ ಆ ಊರಿನಲ್ಲಿ ಮನುಷ್ಯರಿಗೆ ಜಾಗವಿರುತ್ತಿರಲಿಲ್ಲ.

ಮರಿ ಹೋಯಿತು, ಪದ್ಧತಿ ಹೋಗಲಿಲ್ಲ. ಅಣ್ಣಮ್ಮ ಎಡಮೊಲೆ ಮುಟ್ಟದೆಯೇ ಕರೆದಳು. ಕೆಲವೇ ದಿನಗಳಲ್ಲಿ ಕೆಂಪಿ ಮೇವು ಬಿಟ್ಟಿತು, ಹತ್ತಿರ ಹೋದರೆ ಒದೆಯಿತು. ಹೊರಗಿನಿಂದ ನೋಡಿದರೆ ಕೆಚ್ಚಲು ನೆಟ್ಟಗೇ ಇತ್ತು. ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಬೀದಿಗೆ ಬೀದಿಯೇ ಕೆಮ್ಮಿತು, ಕೆಂಪಿ ಮಾತ್ರ ಹಾಗೇ ಇತ್ತು. ಸುದ್ದಿ ತಿಳಿದು ಹುಲಿಯಪ್ಪ ಹಗ್ಗ ಹಿಡಿದೇ ಬಂದ.

"ಸೊರಗೋಗೋಕೆ ಮುಂಚೆ ಕೊಟ್ಬುಡಕ್ಕ."

"ನಾಳೆ ದನಿನ ಡಾಕ್ಟ್ರು ಬತ್ತಾರಂತೆ, ತೋರಿಸ್ತೀನಿ. ಅವರು ಆಗಲ್ಲ ಅಂದ್ರೆ ಒಡ್ಕಂಡೋಗು" ಎಂದಳು. ಆ ರಾತ್ರಿ ಟೀಯನ್ನು ಆಕೆ ಒಲೆಯ ಮುಂದೆಯೇ ಕೂತು ಕುಡಿದಳು.

ಮರುದಿನ ಊರಿನ ದನಗಳ ಶಿಬಿರಕ್ಕೆ ಬಂದ ಹಾಸನದ ಡಾಕ್ಟರು ಆರತಿ ಒಂದು ಸ್ಕ್ಯಾನಿಂಗ್ ಮೆಷೀನನ್ನೂ ತಂದಿದ್ದರು. ಹುಲಿಯಪ್ಪನೂ ಹಗ್ಗ ಹಿಡಿದು ಬಂದಿದ್ದ. ಸಾಲಿನಲ್ಲಿ ಹಸು ಹಿಡಿದು ನಿಂತಿದ್ದ ದೇವರಾಜು ನಕ್ಕ: "ನಮ್ಮನೇ ಬಸಿರೆಂಗಸಿಗೇ ಇಲ್ಲ, ಅಣ್ಣಮ್ಮನ ಮೇಕೆಗೈತೆ ಕಣ್ಲಾ ಸ್ಕ್ಯಾನಿಂಗು!"

ಡಾಕ್ಟರು ಕೆಚ್ಚಲಿನ ಕೂದಲು ಕತ್ತರಿಸಿ, ತಣ್ಣನೆಯ ಜೆಲ್ ಹಚ್ಚಿ, ಮೆಷೀನಿನ ಹಿಡಿಯನ್ನು ಬಲಗಡೆ ಒತ್ತಿದರು. "ಕಪ್ಪಗೆ ಕಾಣ್ತಿದೆಯಲ್ಲ, ಅದು ಹಾಲು."

"ಆಲು ಕರ್ರಗಾಗೈತಾ ಮೇಡಮ್ಮೋರೆ?"

"ಇದರಲ್ಲಿ ಹಾಗೇ ಕಾಣೋದಮ್ಮ. ಈ ಕಡೆ ಚೆನ್ನಾಗಿದೆ."

ಎಡಗಡೆಯ ಕಪ್ಪಿನಲ್ಲಿ ಮೊಸರು ಕದಡಿದಂತೆ ಬಿಳಿ ಚೂರುಗಳು ತೇಲಿದವು. "ಒಳಗೇ ಹಾಲು ಒಡೆದಿದೆ. ಕೆಚ್ಚಲು ಬಾವು. ಈ ಕಡೆ ನೀವು ಕರೆಯೋದೇ ಇಲ್ವಾ?"

"ಅದು ಮರಿ ಪಾಲು."

"ಮರಿ ಎಲ್ಲಿ?"

ಅಣ್ಣಮ್ಮ ಹುಲಿಯಪ್ಪನನ್ನು ನೋಡಿದಳು. ಹುಲಿಯಪ್ಪ ಮೆಷೀನನ್ನೇ ಕೊಳ್ಳಲು ಬಂದವನ ಹಾಗೆ ಅದನ್ನು ನೋಡುತ್ತಿದ್ದ.

"ಅರಕಲಗೂಡಲ್ಲೈತೆ" ಎಂದಳು.

ಡಾಕ್ಟರು ಇಂಜೆಕ್ಷನ್ ಕೊಟ್ಟು, ಮೊಲೆಗೆ ಏರಿಸುವ ಔಷಧಿಯನ್ನೂ ಕೊಟ್ಟರು. "ಕೆಚ್ಚಲು ಇನ್ನೂ ಗಟ್ಟಿಯಾಗಿಲ್ಲ, ಉಳ್ಕೊಳತ್ತೆ. ದಿನಾ ಆ ಕಡೆ ಪೂರ್ತಿ ಹಿಂಡಿ ಗುಂಡಿಗೆ ಹಾಕಿ. ನಾನು ಹೇಳೋವರೆಗೂ ಯಾವ ಕಡೆ ಹಾಲನ್ನೂ ಕುಡೀಬೇಡಿ."

ಹುಲಿಯಪ್ಪ ಹಗ್ಗವನ್ನು ಸುತ್ತಿ ಹೆಗಲಿಗೇರಿಸಿದ.

ಅಂದು ಸಂಜೆ ಅಣ್ಣಮ್ಮನ ಕೈ ಎಡಮೊಲೆಯ ಹತ್ತಿರ ಹೋಗಿ ನಿಂತಿತು. "ನಿನ್ ಮಗ ಬರಾಕಿಲ್ಲ ಕಣೆ" ಎಂದು ಕೆಂಪಿಗೆ ಹೇಳಿ ಹಿಂಡಿದಳು. ಗಂಟುಗಂಟಾಗಿ ಬಂತು. ಹಿತ್ತಿಲ ಗುಂಡಿಗೆ ಸುರಿದು ಮಣ್ಣು ಮುಚ್ಚಿದಳು.

ಮಳೆಗಾಲದ ಹೊತ್ತಿಗೆ ಕೆಂಪಿ ಚೇತರಿಸಿಕೊಂಡಿತು. ಡಾಕ್ಟರು ಇನ್ನು ಕುಡಿಯಬಹುದು ಎಂದರು. ಎರಡೂ ಮೊಲೆಯ ಹಾಲು, ಕುಡಿಯುವ ಬಾಯಿ ಒಂದೇ. ಹುಲಿಯಪ್ಪ ಬೀದಿಯಲ್ಲಿ ಸಿಕ್ಕ.

"ಬಾರಪ್ಪ, ಟೀ ಕಾಯಿಸ್ತೀನಿ."

"ಬಸ್ಸಿಗೊತ್ತಾಯ್ತು ಕಣಕ್ಕ, ಅರಕಲಗೂಡಿಗೆ ಓಗ್ಬೇಕು."

"ಅಂಗಾರೆ ಮರೀನ ಕೇಳ್ದೆ ಅನ್ನು."

ಹುಲಿಯಪ್ಪ ಹೆಗಲ ಹಗ್ಗ ಸರಿಮಾಡಿಕೊಂಡ. "ಅಂತೀನಿ ಕಣಕ್ಕ" ಎಂದು ನಡೆದ.

ಅಂದು ಎಡಮೊಲೆಯ ಹಾಲನ್ನು ಆಕೆ ಬೇರೆಯೇ ಕರೆದು, ಬೇರೆಯೇ ಕಾಯಿಸಿ, ಲೋಟಕ್ಕೆ ಹಾಕಿಟ್ಟಿದ್ದಳು. ಅದು ಕೆನೆಗಟ್ಟುವವರೆಗೂ ಕೆಂಪಿಯ ಪಕ್ಕದಲ್ಲಿ ಕೂತಿದ್ದಳು. ಆಮೇಲೆ ಅದನ್ನೂ ತನ್ನ ಟೀಗೇ ಸುರಿದುಕೊಂಡಳು.